ಐದು ಮಿಲಿಮೀಟರ್

ಬುಧವಾರ, ಮಾರ್ಚ್ ೧೨
ಸೈಕಲ್ ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಅಮ್ಮ,

ನಿನ್ನ ಪೆಟ್ಟಿಗೆ ಸೋಮವಾರ ಬಂತು. ನಿನ್ನ ಮೌಂಟನ್ ಬೈಕಿನ ಮುಂಚಕ್ರ ಹಿಡಿದು ಕುಲುಕು ತಡೆಯುವ ಫೋರ್ಕಿಗೆ ಮೂರು ಸುತ್ತು ಹಳೇ ಟ್ಯೂಬು ಸುತ್ತಿ, ಮೇಲೊಂದು ಟವೆಲು ಕಟ್ಟಿ, ಹಸುಗೂಸನ್ನು ಕಳಿಸುವ ಹಾಗೆ ಕಳಿಸಿದ್ದೀಯ. ನನ್ನನ್ನು ಹಾಸ್ಟೆಲ್ಲಿಗೆ ಕಳಿಸುವಾಗಲೂ ಇಷ್ಟು ಮುತುವರ್ಜಿ ಇರಲಿಲ್ಲ. ಜೊತೆಗಿದ್ದ ಚೀಟಿಯಲ್ಲಿ ಚಿಕ್ಕಂದಿನ ಹಾಗೆ ‘ವಾಷರ್’ ಎಂದು ನನ್ನನ್ನು ಕರೆದು, ಕೆಳಗೆ ಎರಡೇ ಸಾಲು: ಫೋರ್ಕು ಗಟ್ಟಿಯಾಗಿದೆ, ಗುಡ್ಡ ಇಳಿಯುವಾಗ ಕಲ್ಲೆಲ್ಲ ಮಣಿಕಟ್ಟಿಗೆ ಬಡಿಯುತ್ತದೆ. ಸೀಟಿನ ಮೇಲೆ ಕೂತು ಅಳೆದರೆ ಇಪ್ಪತ್ತೈದು ಮಿಲಿಮೀಟರ್ ಮಾತ್ರ ಇಳಿಯುತ್ತದೆ, ಸರಿಮಾಡಿ ಕಳಿಸು.

ಎರಡು ವರ್ಷದ ಹಿಂದೆ ಅದನ್ನು ಹೊಂದಿಸಿದವಳು ನಾನೇ. ನೀನು ಹೆಲ್ಮೆಟ್ಟು, ಬೂಟು, ನೀರಿನ ಚೀಲ ಎಲ್ಲ ಹಾಕಿಕೊಂಡು, ಗೋಡೆಗೆ ಮೊಣಕೈ ಆನಿಸಿ ಸೈಕಲ್ ಮೇಲೆ ಕೂತಿದ್ದೆ. ನಿನ್ನ ಭಾರಕ್ಕೆ ಫೋರ್ಕು ಸರಿಯಾಗಿ ಮೂವತ್ತು ಮಿಲಿಮೀಟರ್ ಇಳಿಯುವಷ್ಟು ಗಾಳಿಯನ್ನು ಅದರೊಳಗೆ ತುಂಬಿ, ಪಂಪು ತೋರಿಸಿದ ಗಾಳಿಯೊತ್ತಡದ ಅಂಕಿಯನ್ನು ಫೋರ್ಕಿನ ಮೇಲೇ ಬರೆದಿದ್ದೆ. ಅರವತ್ತೆಂಟು.

ಮೊನ್ನೆ ಪಂಪು ಸಿಕ್ಕಿಸಿ ನೋಡಿದೆ. ಅರವತ್ತೆಂಟೇ ಇತ್ತು. ಹಾಗಾದರೆ ಒಳಗೆ ಏನೋ ಹಿಡಿದುಕೊಂಡಿದೆ ಎಂದು ಬಿಚ್ಚಿದೆ. ಸೀಲು ಬದಲಿಸಿದೆ, ಎಣ್ಣೆ ಬದಲಿಸಿದೆ, ಕೊಳವೆಗಳನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿದೆ. ಒಂದು ಗೀರೂ ಇಲ್ಲ. ಅಂಗಡಿಯ ಸೈಕಲ್ಲಿಗೆ ಹಾಕಿ ಒತ್ತಿದರೆ ಎಲ್ಲೂ ತಡೆಯದೆ ಇಳಿಯುತ್ತದೆ. ಮಂಗಳವಾರ ಮತ್ತೆ ಬಿಚ್ಚಿದೆ. ಹನ್ನೊಂದು ವರ್ಷ ಇದೇ ಕೆಲಸ ಮಾಡಿದ ನಾನು ಮಂಕು ಕವಿದವಳ ಹಾಗೆ ಎರಡು ದಿನ ಫೋರ್ಕಿನಲ್ಲೇ ತಪ್ಪು ಹುಡುಕಿದೆ. ಪಕ್ಕದ ಮೇಜಿನಲ್ಲಿ ಚಕ್ರದ ಸೊಟ್ಟ ತೆಗೆಯುತ್ತಿದ್ದ ನಮ್ಮ ಹಿರಿಯ ಮೆಕ್ಯಾನಿಕ್ಕು ಇದನ್ನೆಲ್ಲ ನೋಡಿ ನೋಡಿ, ಕೊನೆಗೆ ಕೈ ಒರೆಸಿಕೊಂಡು ಬಂದು ಹೇಳಿದರು: “ಫೋರ್ಕಲ್ಲಿ ಏನೂ ಇಲ್ಲಮ್ಮ. ಅದರ ಮೇಲೆ ಕೂರೋರು ಹಗುರ ಆಗಿದ್ದಾರೆ.”

ಲೆಕ್ಕ ಹಾಕಲು ಕಾಗದವೂ ಬೇಕಾಗಲಿಲ್ಲ. ಗಾಳಿ ಅಷ್ಟೇ ಇದೆ, ಇಳಿಯುವುದು ಮಾತ್ರ ಐದು ಮಿಲಿಮೀಟರ್ ಕಡಿಮೆ. ಅರವತ್ತು ಕಿಲೋ ಇದ್ದವಳು ಈಗ ಹೆಚ್ಚುಕಡಿಮೆ ಐವತ್ತು. ಹತ್ತು ಕಿಲೋ ಎಲ್ಲಿ ಹೋಯಿತಮ್ಮ?

ಸಿಟ್ಟು ನೆತ್ತಿಗೇರಿತು. ಪ್ರತಿ ಭಾನುವಾರ ಫೋನಿನಲ್ಲಿ ಊಟ ಆಯಿತು, ನಿದ್ದೆ ಚೆನ್ನಾಗಿ ಬರುತ್ತದೆ, ಅಂಗಡಿಯಲ್ಲಿ ಕೈತುಂಬ ಕೆಲಸ ಎಂದು ನನ್ನ ಕಿವಿಗೆ ಹೂವಿಟ್ಟೆಯಲ್ಲ. ಸೆಕೆಗಾಲದಲ್ಲೂ ಫೋಟೋದಲ್ಲಿ ಆ ದೊಗಲೆ ಜಾಕೆಟ್ಟು ಯಾಕೆ ಎಂದು ಕೇಳಿದ್ದಕ್ಕೆ ಬೆಳಗಿನ ಗಾಳಿ ಚಳಿ ಎಂದೆ. ನಾನೂ ನಂಬಿಕೊಂಡು ಸುಮ್ಮನಾದೆ.

ಆಮೇಲೆ ಸಿಟ್ಟು ಇಳಿದು ಭಯ ಹತ್ತಿತು. ಭಯಕ್ಕಿಂತ ಹೆಚ್ಚಾಗಿ ನಾಚಿಕೆ. ನೀನು ಯಾಕೆ ಮುಚ್ಚಿಟ್ಟೆ ಎನ್ನುವುದು ನನಗೆ ಗೊತ್ತು. ಕಳೆದ ವರ್ಷ ನಿನ್ನ ಮೊಣಕಾಲು ಊದಿಕೊಂಡಾಗ, ಡಾಕ್ಟರ ಎದುರಿಗೇ, ಐವತ್ತೊಂಬತ್ತನೇ ವಯಸ್ಸಿಗೆ ಈ ಗುಡ್ಡದ ಹುಚ್ಚು ಸಾಕು, ಸೈಕಲ್ ಮಾರಿಬಿಡು ಎಂದವಳು ನಾನು. ನೀನು ಎರಡು ತಿಂಗಳು ಮಾತು ಬಿಟ್ಟೆ. ಆ ಮಾತು ನಾನು ಆಡಬಾರದಿತ್ತು, ತಪ್ಪಾಯಿತು. ಯಾರು ಏನೇ ಹೇಳಲಿ, ಸೈಕಲ್ ಇಟ್ಟುಕೊಳ್ಳುವುದು ಬಿಡುವುದು ನಿನ್ನ ತೀರ್ಮಾನ. ಆದರೆ ಈ ಹತ್ತು ಕಿಲೋ ಹೋದದ್ದು ಯಾಕೆ ಎಂದು ಮೊದಲು ಡಾಕ್ಟರನ್ನು ಕೇಳಬೇಕಲ್ಲ.

ಇನ್ನೊಂದು ವಿಷಯ ನನ್ನ ತಲೆಗೆ ಹೋಗಲು ತಡವಾಯಿತು. ಫೋರ್ಕಿನ ಗಾಳಿ ಇಳಿಸುವುದು ಎರಡು ನಿಮಿಷದ ಕೆಲಸ. ಅದನ್ನು ನನಗೆ ಕಲಿಸಿದವಳೇ ನೀನು. ಪಂಪು ನಿನ್ನ ಸೈಕಲ್ ಅಂಗಡಿಯಲ್ಲೇ ಇದೆ. ಅದು ಬಿಟ್ಟು, ಚಕ್ರ, ಬ್ರೇಕು, ಹ್ಯಾಂಡಲ್ಲು ಎಲ್ಲ ಕಳಚಿ, ಫೋರ್ಕನ್ನು ಹೊರಗೆ ತೆಗೆದು, ಅಳತೆಯನ್ನೂ ಬರೆದು ನನಗೆ ಕಳಿಸಿದ್ದೀಯ. ಬಾಯಿಬಿಟ್ಟು ಹೇಳಲಾಗದ್ದನ್ನು ಹೀಗೆ ಹೇಳಿದ್ದೀಯ. ಕೇಳಿಸಿತಮ್ಮ. ಎರಡು ದಿನ ತಡವಾಗಿ ಕೇಳಿಸಿತು, ಅಷ್ಟೇ.

ಗುರುವಾರ ಹನ್ನೊಂದೂವರೆಗೆ ನಿಮ್ಮೂರಿನ ಆಸ್ಪತ್ರೆಯಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಮುಂದಿನ ವಾರ ನೋಡೋಣ ಎಂದು ರಾಗ ಎಳೆಯಬೇಡ. ಫೋರ್ಕಿನಿಂದ ಒಂದಿಷ್ಟೂ ಗಾಳಿ ತೆಗೆದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನಿನ್ನನ್ನು ಸೈಕಲ್ ಮೇಲೆ ಕೂರಿಸಿ, ಇವತ್ತಿನ ತೂಕಕ್ಕೆ ಸರಿಯಾಗಿ ಹೊಂದಿಸಿಕೊಡುತ್ತೇನೆ. ತೂಕ ಹೆಚ್ಚಿದಾಗ ಮತ್ತೆ ಹೊಂದಿಸಿದರಾಯಿತು.

ನಿನ್ನ
ವಾಷರ್

ತಾ.ಕ.: ಬುಧವಾರ ಬರೆದ ಕಾಗದ ಗುರುವಾರ ಬೆಳಿಗ್ಗೆಯೇ, ಅದೂ ಅಂಚೆಚೀಟಿ ಇಲ್ಲದೆ, ಬಾಗಿಲ ಸಂದಿಯಿಂದ ಹೇಗೆ ಬಂತು ಎಂದು ತಲೆ ಕೆಡಿಸಿಕೊಳ್ಳಬೇಡ. ಎದುರು ನಿಂತು ಇಷ್ಟೆಲ್ಲ ಹೇಳುವ ಧೈರ್ಯ ನನಗೂ ಇಲ್ಲ, ನಿನ್ನ ಮಗಳೇ ಅಲ್ಲವೇ. ಫೋರ್ಕನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇನೆ. ಓದಿ ಮುಗಿದಿದ್ದರೆ ಬಾಗಿಲು ತೆಗಿ.