ಎಡಗಿವಿಯ ಗುರುತು

ಅಪ್ಪಾ,

ಚಂಡಮಾರುತದ ಮಳೆಗೆ ಹಳ್ಳ ಉಕ್ಕಿ ನಿನ್ನನ್ನೂ ಅರ್ಧ ಹಿಂಡನ್ನೂ ಕೊಚ್ಚಿಕೊಂಡು ಹೋಗಿ ನಾಲ್ಕು ತಿಂಗಳಾಯಿತು. ಕುರಿದೊಡ್ಡಿಗೆ ಇನ್ನೂ ಟಾರ್ಪಾಲೇ ಗತಿ. ಆದರೂ ಉಳಿದ ಕುರಿಗಳು ಮರಿ ಹಾಕಿವೆ. ಇವತ್ತು ಆ ಮರಿಗಳ ಕಿವಿ ಕತ್ತರಿಸಿ ಗುರುತು ಹಾಕಿದೆ, ನಾನೇ.

ದೊಡ್ಡಪ್ಪ ಓಡಿ ಬಂದ. "ಹೆಣ್ಮಕ್ಕಳು ಕಿವಿ ಕೊಯ್ಯಬಾರ್ದವ್ವ. ಹಿಂಡು ನನಗ ಕೊಡು."

"ಹಳ್ಳದಾಗಿಂದ ಇವನ್ನ ಎಳಕೊಂಡು ಬಂದಾಕಿ ನಾನು. ಆವಾಗ ಎಲ್ಲಿದ್ರಿ?" ಅಂದೆ.

ನಮ್ಮ ಮನೆಯ ಗುರುತು ಬಲಗಿವಿಗೆ. ನಾನು ಹಾಕಿದ್ದು ಎಡಗಿವಿಗೆ. ಕೈತಪ್ಪಾಯಿತೆಂದು ಅವನು ನಕ್ಕ. ತಪ್ಪಿಲ್ಲ. ಬಲಗಿವಿಯವು ನಿನ್ನವು, ಎಡಗಿವಿಯವು ನನ್ನವು.

ಅವತ್ತು ನೀರಿನಲ್ಲಿ ನೀನು, "ನನ್ನ ಕೈ ಬಿಡವ್ವ, ಕುರಿ ಹಿಡಿ" ಎಂದು ಕೂಗಿದ್ದೆ. ಬಿಟ್ಟೆ.

ನಿನ್ನ ಮಾತು ಕೇಳಿದ್ದು ಅದೇ ಕೊನೆ.