ನೀಲವ್ವನ ಕೈತುತ್ತು

ತುತ್ತುಮನೆ, ಹುಬ್ಬಳ್ಳಿ
ಫೆಬ್ರವರಿ 30, 2174

ಪ್ರೀತಿಯ ಶೈಲಜ್ಜಿ,

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮ ಕಾಲದಲ್ಲಿ ಪಾಪದ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನಿನಗಿನ್ನೂ ನಲವತ್ತಾಗಿಲ್ಲ, ನನಗೆ ಅರವತ್ತು. ಆದರೂ ನೀನು ನನ್ನ ಮುತ್ತಜ್ಜಿಯ ಅಜ್ಜಿ, ಅಜ್ಜಿ ಎಂದೇ ಕರೆಯುತ್ತೇನೆ, ಸಿಟ್ಟಾಗಬೇಡ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸು.

ನಾನು ಊಟದಾದಿ. ಅಂದರೆ ನರ್ಸೇ, ಆದರೆ ನನ್ನ ಕೆಲಸ ಮರೆವಿನ ಕಾಯಿಲೆಯವರ ಊಟ ನೋಡಿಕೊಳ್ಳುವುದು. ಇಲ್ಲಿ ಪ್ರತಿ ಓಣಿಗೂ ಒಂದು ತುತ್ತುಮನೆಯಿದೆ. ಮರೆವಿನವರು, ಮನೆಯವರು, ನೆರೆಹೊರೆಯವರು ಮಧ್ಯಾಹ್ನ ಅಲ್ಲಿ ಸುತ್ತ ಕೂತು ಉಣ್ಣುತ್ತಾರೆ. ಬಿಳಿ ತಟ್ಟೆಯಲ್ಲಿ ಅನ್ನ ಮರೆವಿನವರ ಕಣ್ಣಿಗೆ ಕಾಣುವುದಿಲ್ಲವೆಂದು ಕಡುನೀಲಿ ತಟ್ಟೆ ಇಡುತ್ತೇವೆ. ಯಾರಿಗೆ ನುಗ್ಗೆಸೊಪ್ಪು, ಯಾರಿಗೆ ಅಗಸಿ ಚಟ್ನಿಪುಡಿ, ಯಾರ ಗಂಟಲಿಗೆ ಗಂಜಿ ಎಷ್ಟು ಗಟ್ಟಿಯಿರಬೇಕು ಎಂದು ನೋಡುವವಳು ನಾನು. ಸುಳ್ಳು ಹೇಳುವುದಿಲ್ಲ, ಊಟದಿಂದ ಮರೆವು ವಾಸಿಯಾಗುವುದಿಲ್ಲ, ನಮ್ಮ ಕಾಲದಲ್ಲೂ ಇಲ್ಲ. ಸ್ವಲ್ಪ ತಡವಾಗಿ ಬರುತ್ತದೆ, ಬಂದ ಮೇಲೆ ಮನುಷ್ಯ ಒಣಗಿ ಹೋಗುವುದಿಲ್ಲ, ಅಷ್ಟೇ.

ಇದೆಲ್ಲ ನೀನು ನರ್ಸಾಗಿರುವ ಆಸ್ಪತ್ರೆ ವಾರ್ಡಿನಿಂದ ಶುರುವಾಯಿತೆಂದರೆ ನೀನೀಗ ನಂಬುವುದಿಲ್ಲ. ಅಲ್ಲಿದ್ದ ಮರೆವಿನ ರೋಗಿ ನೀಲವ್ವ ಚಮಚ ಕಂಡರೆ ಬಾಯಿ ಬಿಗಿಯುತ್ತಿದ್ದಳು. ಒಂದು ಮಧ್ಯಾಹ್ನ, ನಿಂತು ನಿಂತು ಸುಸ್ತಾಗಿದ್ದ ನೀನು ಅವಳ ಮುಂದೆ ಕೂತು, ಹಸಿವಾಗಿದೆ ಎಂದು ಅಂಗೈ ಚಾಚಿದೆ. ಮಕ್ಕಳ ಹೆಸರೇ ಮರೆತಿದ್ದ ಆ ಮುದುಕಿ ಅನ್ನ ಸಾರು ಕಲಸಿ ನಿನ್ನ ಕೈಗೆ ತುತ್ತು ಹಾಕಿದಳು. "ಯಮ್ಮಾ, ನೀ ಉಂಡ್ರಷ್ಟ ನಾ ಉಣ್ತೀನಿ" ಎಂದೆಯಂತೆ. ಅವಳೂ ಉಂಡಳು. ದಿನಾ ಹಾಗೇ ನಡೆಯಿತು, ಮೇಲಿನವರ ಕಣ್ಣಿಗೆ ಬೀಳುವವರೆಗೆ.

"ಪೇಷಂಟ್ ಊಟಾನ ತಿಂತೀಯಲ್ಲ, ನಾಚ್ಗಿ ಬರಂಗಿಲ್ಲೇನ್ ನಿನಗ?" ಎಂದು ಇಡೀ ವಾರ್ಡಿನೆದುರು ಬೈದರು. ಡಯಟಿಷಿಯನ್ ಆಗಬೇಕೆಂದು ಸೇರಿದ್ದ ಸಂಜೆಯ ಕ್ಲಾಸೂ ಬೇಡ, ಈ ವಯಸ್ಸಿನಲ್ಲಿ ಯಾಕೆ ಈ ಉಸಾಬರಿ ಎಂದು ನೀನೀಗ ಅಳುತ್ತಾ ಕೂತಿದ್ದೀಯ. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಈ ಕಥೆ ಹೇಳುತ್ತಾರೆ, ನೀನು ಅತ್ತಿದ್ದನ್ನೂ ಬಿಡುವುದಿಲ್ಲ.

ಅಜ್ಜಿ, ಮೂಗು ಒರೆಸಿಕೊಂಡು ಕ್ಲಾಸಿಗೆ ಹೋಗು. ನಿನ್ನ ಮೇಲಿನವರು ಕಂಡಿದ್ದು ಕದ್ದು ತಿನ್ನುವ ನರ್ಸನ್ನು. ನೀನು ಕಂಡಿದ್ದು ಬೇರೆ: ಇನ್ನೊಬ್ಬರಿಗೆ ಉಣಿಸುತ್ತಾ ಮರೆವಿನವರು ತಾವೂ ಉಣ್ಣುತ್ತಾರೆ. ಅದನ್ನು ಓದಿ ಬರೆದು ಅವರಿಗೆ ಒಪ್ಪಿಸಬೇಕಾದವಳು ನೀನೇ. ನನ್ನ ಸ್ವಾರ್ಥವೂ ಇದೆ. ನನ್ನವ್ವನಿಗೆ ಎಂಬತ್ನಾಲ್ಕು, ಹೋದ ವರ್ಷದಿಂದ ಮರೆವು. ನಾನು ಯಾರೆಂದು ಗೊತ್ತಿಲ್ಲ, ನನಗೆ ನಮಸ್ಕಾರ ಮಾಡುತ್ತಾಳೆ. ಆ ಸಂಕಟ ನಿನಗೆ ಬಿಡಿಸಿ ಹೇಳಬೇಕಿಲ್ಲ. ಇವತ್ತು ತುತ್ತುಮನೆಯಲ್ಲಿ ಎಲ್ಲರಿಗೂ ಬಡಿಸಿ ನಾನಿನ್ನೂ ಉಂಡಿರಲಿಲ್ಲ. ಅವ್ವ ಕೈ ಹಿಡಿದು ಕೂರಿಸಿ, "ಉಣ್ಣವಾ, ಮಾರಿ ಬಾಡೈತಲ್ಲ" ಎಂದು ತುತ್ತು ಕೊಟ್ಟಳು. ಆಮೇಲೆ ತಾನೂ ಉಂಡಳು.

ಮಗಳೆಂಬುದು ಅವಳಿಗೆ ನೆನಪಿಲ್ಲ. ನನಗೆ ಹಸಿವಾಗಿದ್ದು ಮಾತ್ರ ಗೊತ್ತಾಯಿತು.

ನಿನ್ನ
ಮುಗುಳಿ