ಅಣ್ಣ ಬಿಟ್ಟುಹೋದದ್ದು

ಮಾರ್ಚ್ 3, ಬೆಳಿಗ್ಗೆ 11

ಪಿಯಾನೋ ಬಂತು. ಆರು ಜನ ಹೊತ್ತರು, ಏಳನೆಯವನಾಗಿ ನಾನು ಕೂಗಾಡಿದೆ. ಆದರೂ ವರ್ಕ್‌ಶಾಪಿನ ಬಾಗಿಲ ಚೌಕಟ್ಟಿಗೆ ಒಂದು ಗೀರು.

ಮುಚ್ಚಿಹೋದ ಸ್ಟುಡಿಯೋದ್ದು. ಇಪ್ಪತ್ತೈದು ವರ್ಷದ ಹಿಂದೆ ತಂಗಿ ಇದರ ಮೇಲೇ ತನ್ನ ಮೊದಲ ಆಲ್ಬಮ್ ಮಾಡಿದ್ದು. ಅದೇ ಕೊನೆಯದೂ ಆಯಿತು. ಒಂಬತ್ತು ಹಾಡು. ಬರೆದದ್ದು, ಹಾಡಿದ್ದು, ನುಡಿಸಿದ್ದು ಎಲ್ಲ ಅವಳೇ. ಶ್ರುತಿ ಮಾಡಿದ್ದು ಮಾತ್ರ ನಾನು.

ಜನ ಆ ಹಾಡುಗಳನ್ನು ಇನ್ನೂ ಬಿಟ್ಟಿಲ್ಲ. ಮೊನ್ನೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ಅಗಲಿಸಿ ಮಲಗಿದ್ದೆ — ಸ್ಪೀಕರಿನಲ್ಲಿ ಅವಳು. "ನನ್ನ ಮಗಳು ಇದನ್ನ ಕೇಳದೆ ಮಲಗೋದೇ ಇಲ್ಲ" ಎಂದರು ಡಾಕ್ಟರು. ಬಾಯೊಳಗೆ ಅವರ ಕೈ ಇತ್ತು.

ಹದಿನೈದಕ್ಕೆ ಆಲ್ಬಮ್ಮಿನ ಇಪ್ಪತ್ತೈದನೇ ವರ್ಷದ ಕಾರ್ಯಕ್ರಮ, ಇದೇ ಪಿಯಾನೋ ಇಟ್ಟು. ಹಾಲ್ ಮ್ಯಾನೇಜರ್ ಫೋನ್: "ಎಲ್ಲಾ ಸರಿ ಮಾಡಿ ಸಾರ್. ಆ ಒಂದು ಸ್ವರ ಮಾತ್ರ ಹಾಗೇ ಇರ್ಲಿ. ಉಸಿರು ಕಟ್ಟಿದ ಹಾಗೆ ಬರುತ್ತಲ್ಲ, ಅದು. ಹೇಗೆ ಮಾಡಿದ್ರಿ ಅದನ್ನ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು. "ಅದು ಸೀಕ್ರೆಟ್" ಎಂದೆ.

ಮಾರ್ಚ್ 4

ಒಂದು ಕೀಗೆ ಮೂರು ತಂತಿ. ಒಂದನ್ನು ಬಿಗಿಮಾಡುವಾಗ ಉಳಿದವು ಗಲಾಟೆ ಮಾಡಬಾರದು ಅಂತ ಮಧ್ಯೆ ರಬ್ಬರ್ ಬೆಣೆ ತೂರಿಸುತ್ತೇವೆ. ಮುಗಿದ ಮೇಲೆ ತೆಗೆಯಬೇಕು. ಆವತ್ತು ನಾನು ತೆಗೆಯಲಿಲ್ಲ. ಇದೇ ಸೀಕ್ರೆಟ್ಟು. ಇದರ ಮೇಲೆ ಯಾರೋ ಪಿಎಚ್‌ಡಿ ಬೇರೆ ಮಾಡಿದ್ದಾರೆ.

ಮುಚ್ಚಳ ಎತ್ತಿದೆ. ಬೆಣೆ ಅಲ್ಲೇ ಇದೆ. ಇಷ್ಟು ವರ್ಷಕ್ಕೆ ರಬ್ಬರ್ ಕಲ್ಲಾಗಿರಬೇಕು. ಮೆತ್ತಗಿದೆ... ಹಲ್ಲಿನ ಗುರುತೂ ಇದೆ. ಜೀರುಂಡೆಯದು. ಯಾವಾಗಲೂ ಗುಂಯ್‌ಗುಡುತ್ತಿದ್ದಳು ಅಂತ ತಂಗಿಗೆ ನಾನಿಟ್ಟ ಹೆಸರು. ಚಿಕ್ಕವಳಿದ್ದಾಗ ನನ್ನ ಜೊತೆ ಕೆಲಸಕ್ಕೆ ಬಂದು ಬೆಣೆ ಕಚ್ಚಿಕೊಂಡು ಕೂರುತ್ತಿದ್ದಳು. ಕೈ ಚಾಚಿದರೆ ಬಾಯಿಂದ ತೆಗೆದು ಅಂಗೈ ಮೇಲೆ ಹಾಕುವುದು. "ಥೂ, ಎಂಜಲು!" ಎಂದರೆ ಬಿದ್ದು ಬಿದ್ದು ನಗು.

ಕಿತ್ತು ಡ್ರಾಯರಿಗೆ ಹಾಕಿದೆ. ಮ್ಯಾನೇಜರ್ ಏನಾದರೂ ಅಂದುಕೊಳ್ಳಲಿ, ನನ್ನ ತಪ್ಪನ್ನು ತಿದ್ದಿಯೇ ಕಳಿಸುತ್ತೇನೆ. ಕೀ ಒತ್ತಿದೆ. ಸ್ವರ ತುಂಬಿಕೊಂಡು ಬಂತು.

ಮಾರ್ಚ್ 5, ಬೆಳಿಗ್ಗೆ 9

ಸ್ವರಕ್ಕೆ ಮತ್ತೆ ಉಸಿರು ಕಟ್ಟಿದೆ. ಬೆಣೆ ತಂತಿಗಳ ನಡುವೆ. ಡ್ರಾಯರ್ ಖಾಲಿ.

ಹೆಂಡತಿಯನ್ನು ಕೇಳಿದೆ. "ಅದರೊಳಗೆ ಕೈ ಹಾಕೋಕೆ ನನಗೇನ್ರೀ ಹುಚ್ಚಾ? ಕನ್ನಡಕ ತಲೆ ಮೇಲೇ ಇಟ್ಕೊಂಡು ಮನೆಯೆಲ್ಲಾ ಹುಡುಕೋರು ನೀವು." ಇರಬಹುದು. ಮರೆವೇ ಇರಲಿ.

ಮಾರ್ಚ್ 6

ಬೆಳಿಗ್ಗೆ ಬೆಣೆಯನ್ನು ಕಸದ ಗಾಡಿಗೆ ಕೈಯಾರೆ ಹಾಕಿದೆ. ಗಾಡಿ ತಿರುವು ದಾಟುವವರೆಗೂ ನಿಂತು ನೋಡಿದೆ.

ಮಧ್ಯಾಹ್ನ 2 — ಊಟ ಮುಗಿಸಿ ಬಂದೆ. ಇದೆ. ಅದೇ ಜಾಗ. ಹಲ್ಲಿನ ಗುರುತು ಮೊದಲಿಗಿಂತ ಆಳ, ಈಗಷ್ಟೇ ಕಚ್ಚಿ ಬಿಟ್ಟಂತೆ. ಭಯವಾಯಿತು. ಇಲ್ಲಿ ಸುಳ್ಳು ಯಾಕೆ ಬರೆಯಲಿ, ಬಾಗಿಲಿಗೆ ಬೀಗ ಜಡಿದು ಓಡಿಬಂದೆ.

ಮಾರ್ಚ್ 11

ಐದು ದಿನದಿಂದ ವರ್ಕ್‌ಶಾಪಿಗೆ ಬೀಗ. ಮನೆಯಲ್ಲಿ ಸೊಂಟನೋವು ಎಂದು ಹೇಳಿದ್ದೇನೆ. ಹೆಂಡತಿ ಎಣ್ಣೆ ತಿಕ್ಕಿದಳು, ಪಾಪ. ತಿಕ್ಕುತ್ತಲೇ ತಂಗಿಯ ಒಂಬತ್ತನೇ ಹಾಡು ಗುನುಗಿದಳು. ನಿಲ್ಲಿಸು ಎಂದು ಕಿರುಚಿದೆ.

ಆವತ್ತು ಸ್ಟುಡಿಯೋದಲ್ಲೂ ಹೀಗೇ ಕಿರುಚಿದ್ದು. ಕೊನೆಯ ಕೀ ಶ್ರುತಿ ಮಾಡುತ್ತಿದ್ದೆ, ಒಂಬತ್ತನೇ ಹಾಡು ಹಾಡಿ ತೋರಿಸಿದಳು. ಅಮ್ಮ ನಮ್ಮನ್ನು ಬಿಟ್ಟು ಹೋದ ದಿನದ್ದು. "ಮನೆ ಮಾತು ಬೀದಿಗೆ ತರ್ತೀಯಾ?" ಎಂದೆ. "ನನಗೂ ಅವಳು ಅಮ್ಮನೇ ಅಲ್ವಾ ಅಣ್ಣ?" ಎಂದಳು. ಬೆಣೆ ಅಲ್ಲೇ ಬಿಟ್ಟು, ಸಾಮಾನಿನ ಪೆಟ್ಟಿಗೆ ಮುಚ್ಚಿ ಹೊರಟುಬಿಟ್ಟೆ. ಮೂರು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಆಲ್ಬಮ್ ಬಂದ ಹನ್ನೊಂದನೇ ದಿನ ಅವಳಿದ್ದ ಬಸ್ಸು ಉರುಳಿತು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಅಷ್ಟೇ.

ಮಾರ್ಚ್ 12, ಸಂಜೆ

ಮ್ಯಾನೇಜರ್ ಮನೆಗೇ ಬಂದರು. ಸ್ಟುಡಿಯೋದ ಹಳೇ ಟೇಪು ಸಿಕ್ಕಿದೆಯಂತೆ. "ಹಾಡುಗಳ ಮಧ್ಯದ ಮಾತು ಸಾರ್. ಮೊದಲು ನೀವೇ ಕೇಳ್ಬೇಕು ಅನ್ನಿಸ್ತು." ಫೋನಿನಲ್ಲಿ ಹಾಕಿದರು.

ಮೊದಲು ರೆಕಾರ್ಡಿಂಗ್ ಮಾಡುವವನ ದನಿ: "ಒಳಗೆ ಏನೋ ಸಿಕ್ಕಿಕೊಂಡಿದೆ. ತೆಗೀಲಾ?"

ಆಮೇಲೆ ಅವಳು. "ಬೇಡ ಬೇಡ, ಯಾರೂ ಮುಟ್ಬೇಡಿ. ಅಣ್ಣ ಬಿಟ್ಟುಹೋಗಿರೋದು ಅದು. ಅವನೇ ಬಂದು ಕೇಳ್ಲಿ, ಕೊಡ್ತೀನಿ. ಬರ್ತಾನೆ ಬಿಡಿ. ಬೆಣೆ ಬಿಟ್ಟು ಇರೋನಲ್ಲ ಅವನು."

ಹಾಗಾದರೆ ಗೊತ್ತಿತ್ತು. ಒಂಬತ್ತು ಹಾಡಿನಲ್ಲೂ ಬೇಕೆಂದೇ ಆ ಕೀಯನ್ನು ಮತ್ತೆ ಮತ್ತೆ ಒತ್ತಿದ್ದಾಳೆ. ಕರೆದದ್ದು ನನ್ನನ್ನು. ಊರೆಲ್ಲ ಓಗೊಟ್ಟಿತು, ನಾನೊಬ್ಬ ಓಗೊಡಲಿಲ್ಲ. ಮ್ಯಾನೇಜರ್ ಎದುರಿಗೇ ಅತ್ತುಬಿಟ್ಟೆ. ಅವರು ನೀರು ತಂದುಕೊಟ್ಟರು.

ಮಾರ್ಚ್ 13, ಮಧ್ಯಾಹ್ನ 3

ಬೀಗ ತೆಗೆದೆ. ನಾಳೆ ಪಿಯಾನೋ ಹೋಗುತ್ತದೆ. ಹೆಂಡತಿ ಪೇಟೆಗೆ ಹೋಗಿದ್ದಾಳೆ.

ಮುಚ್ಚಳ ತೆರೆದಿಟ್ಟೆ, ಒಳಗೆ ಕೈ ಹಾಕಲಿಲ್ಲ. ಎದುರಿಗೆ ಸ್ಟೂಲು, ತೊಡೆಯ ಮೇಲೆ ಡೈರಿ. ಜೋರಾಗಿಯೇ ಹೇಳಿದೆ: "ಜೀರುಂಡೆ, ತಪ್ಪು ನಂದು ಕಣೆ. ಕೇಳೋಕೆ ಬಂದಿದೀನಿ. ಕೊಡು."

ಎಡಗೈ ಚಾಚಿದ್ದೇನೆ. ಬಲಗೈಯಲ್ಲಿ ಬರೆಯುತ್ತಿದ್ದೇನೆ, ಬರೆಯದಿದ್ದರೆ ಎದ್ದು ಓಡಿಬಿಡುತ್ತೇನೆ. ಅರವತ್ತು ದಾಟಿದ ಮುದುಕ ಹಾಡುಹಗಲಲ್ಲಿ ಖಾಲಿ ಕೋಣೆಗೆ ಕೈ ಚಾಚಿ ಕೂತಿದ್ದಾನೆ — ಯಾರಾದರೂ ಕಂಡರೆ ಏನಂದಾರು.

ಐದು ನಿಮಿಷ. ಏನೂ ಇಲ್ಲ. ತೋಳು ಸೋಲುತ್ತಿದೆ.

ಆ ಕೀ ನುಡಿಯಿತು. ತಾನಾಗಿಯೇ. ಉಸಿರು ಕಟ್ಟಿಲ್ಲ, ಮೂರೂ ತಂತಿ.

ಅಂಗೈ ಮೇಲೆ ಏನೋ ಬಿತ್ತು. ನೋಡುವುದಿಲ್ಲ. ರಬ್ಬರು. ಬೆಚ್ಚಗಿದೆ. ಒದ್ದೆ.

ಥೂ, ಎಂಜಲು, ಎಂದೆ.

ಬಲಗಿವಿಯ ಹತ್ತಿರ, ಬಹಳ ಹತ್ತಿರ, ಬಿದ್ದು ಬಿದ್ದು ನಗು.